ಗುತ್ತಲಿನ ಒಲೆಯ ಮೇಲಿನ ಕಿರುಪಾತ್ರೆ

ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗುವವರು ಮದ್ದೂರಿನಲ್ಲಿ ಕೊಂಡ ವಡೆಯನ್ನು ಮುಗಿಸಿ ಕೈಯೊರಸಿಕೊಳ್ಳುವಷ್ಟರಲ್ಲಿಯೇ ಕಿಟಕಿಯ ಹೊರಗೆ ಕಬ್ಬಿನ ಹಸುರು ಹಬ್ಬಿಕೊಳ್ಳುವುದು. ಇನ್ನು ಸ್ವಲ್ಪ ಹೊತ್ತಿಗೆ ಮಂಡ್ಯ. ಅಲ್ಲಿ ಇಳಿಯತಕ್ಕವರು ಕೋರ್ಟುಕಚೇರಿಯ ಕೆಲಸಕ್ಕಾಗಿಯೋ, ಮದುವೆ ನಾಮಕರಣಗಳಿಗಾಗಿಯೋ ಇಳಿಯುವರಲ್ಲದೆ, ಊರನ್ನು ನೋಡಬೇಕೆಂದು ಇಳಿಯುವವರು ವಿರಳ. ಶ್ರೀರಂಗಪಟ್ಟಣದ ಕೋಟೆಯೂ, ಮೇಲುಕೋಟೆಯ ಗುಡಿಯೂ, ಕನ್ನಂಬಾಡಿಯ ಕಟ್ಟೆಯೂ ಇದೇ ಜಿಲ್ಲೆಯಲ್ಲಿರುವಾಗ ಮಂಡ್ಯದ ಮಗ್ಗುಲಿನ ಗುತ್ತಲನ್ನು ಕೇಳುವವರಾರು? ಆದರೆ ದೊಡ್ಡ ಕ್ಷೇತ್ರಗಳಲ್ಲಿ ಕಾಣದ ಕೆಲವು ಸಂಗತಿಗಳು ಸಣ್ಣ ಊರಿನ ಅಡಿಗೆಯ ಮನೆಯಲ್ಲಿ ಕಾಣುವುದುಂಟು. ಅಂಥದೊಂದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಗುತ್ತಲು ಹಿಂದೆ ಬೇರೆಯೇ ಹಳ್ಳಿಯಾಗಿದ್ದಿತು. ಮಂಡ್ಯವು ಬೆಳೆಯುತ್ತ ಬಂದು ಅದನ್ನು ತನ್ನೊಳಗೆ ಸೇರಿಸಿಕೊಂಡಿದೆ. ಆದರೂ ಊರಿನೊಳಗೆ ಕಾಲಿಟ್ಟರೆ ಹಳ್ಳಿಯ ಲಕ್ಷಣಗಳು ಪೂರ್ತಿ ಅಳಿಸಿಹೋಗಿಲ್ಲ. ಸಿಮೆಂಟಿನ ಮಾಳಿಗೆಯ ಪಕ್ಕದಲ್ಲಿಯೇ ನಾಡಹೆಂಚಿನ ಮನೆ, ಮೋಟಾರು ನಿಲ್ಲಿಸುವ ಜಾಗದ ಪಕ್ಕದಲ್ಲಿಯೇ ಹಸುವನ್ನು ಕಟ್ಟುವ ಗೂಟ. ಊರಿಗೆ ಪ್ರಸಿದ್ಧಿಯನ್ನು ತಂದಿರುವುದು ಇಲ್ಲಿಯ ಪುರಾತನವಾದ ಅರಕೇಶ್ವರನ ಗುಡಿ. ಸಂಸ್ಕೃತದ 'ಅರ್ಕೇಶ್ವರ' ಎಂಬುದು ಜನರ ಬಾಯಲ್ಲಿ ಅರಕೇಶ್ವರನಾಗಿದೆ. ಅರ್ಕನೆಂದರೆ ಸೂರ್ಯ; ಎಕ್ಕದ ಗಿಡಕ್ಕೂ ಅದೇ ಹೆಸರು. ವೈದ್ಯಗ್ರಂಥಗಳಲ್ಲಿ ಭಟ್ಟಿಯಿಳಿಸಿದ ಔಷಧದ್ರವವನ್ನೂ ಅರ್ಕವೆನ್ನುತ್ತಾರೆ. ಸಾರಾಯಿಗೆ ಇಂಗ್ಲಿಷರು ಹೇಳುವ 'ಅರಾಕ್' ಎಂಬ ಮಾತು ಬೆವರೆಂಬ ಅರ್ಥದ ಅರಬ್ಬೀ ಪದದಿಂದ ಬಂದುದು. ಭಟ್ಟಿಯ ಮುಚ್ಚಳದ ಒಳಮೈಯಲ್ಲಿ ಬೆವರಿನಂತೆ ಹನಿಗೂಡುವುದರಿಂದ ಆ ಹೆಸರು. ಈ ಶಬ್ದವಿಚಾರವು ಮುಂದೆ ನಮಗೆ ಉಪಯೋಗಕ್ಕೆ ಬರುವುದು.

ಈಗ ಹಸುರಾಗಿ ಕಾಣುವ ಈ ಸೀಮೆಯು ನೂರು ವರ್ಷಗಳ ಹಿಂದೆ ಹೀಗಿರಲಿಲ್ಲ. ಕನ್ನಂಬಾಡಿಯ ಕಟ್ಟೆಯ ಕೆಲಸ ಮೊದಲಾದುದು ೧೯೧೧ರಲ್ಲಿ. ಹುಲಿಕೆರೆಯ ಸುರಂಗವನ್ನು ಹಾದು ಮಂಡ್ಯದ ಕಡೆಗೆ ನೀರನ್ನು ತಂದ ನಾಲೆಗೆ ಮೊದಲು ಇರ್ವಿನ್ ನಾಲೆಯೆಂದು ಹೆಸರಿದ್ದು, ಅನಂತರ ವಿಶ್ವೇಶ್ವರಯ್ಯ ನಾಲೆಯೆಂದಾಯಿತು. ನೀರಿನ ಹಿಂದೆ ಕಬ್ಬು ಬಂದಿತು; ಕಬ್ಬಿನ ಹಿಂದೆ ೧೯೩೩ರಲ್ಲಿ ಮೈಸೂರು ಸಕ್ಕರೆ ಕಾರ್ಖಾನೆ ಬಂದಿತು. ಅದರ ಸ್ಥಾಪನೆಗೆ ಬಹಳವಾಗಿ ದುಡಿದವರು ಕೃಷಿ ಇಲಾಖೆಯ ಮುಖ್ಯಸ್ಥರಾಗಿದ್ದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು. ೧೯೩೯ರಲ್ಲಿ ಮಂಡ್ಯವು ಮೈಸೂರಿನಿಂದ ಬೇರೆಯಾಗಿ ಸ್ವತಂತ್ರ ಜಿಲ್ಲೆಯೂ ಆಯಿತು. ಅದಕ್ಕೆ ಮುಂಚೆ ಕೆರೆಗಳ ಕೆಳಗಿನ ಅಷ್ಟಿಷ್ಟು ಗದ್ದೆಯನ್ನು ಬಿಟ್ಟರೆ ಉಳಿದುದೆಲ್ಲ ಮಳೆಯನ್ನು ನಂಬಿದ ಹೊಲ. ಹೊಲದ ತುಂಬ ರಾಗಿ. ನೀರು ಬಂದ ಮೇಲೆ ರಾಗಿಯು ಹೊಲದಿಂದ ಹಿಂದೆಗೆಯಿತು. ಆದರೆ ಒಲೆಯಿಂದ ಹಿಂದೆಗೆಯಲಿಲ್ಲ. ಕಬ್ಬನ್ನು ಬೆಳೆಯುವ ಮನೆಯಲ್ಲಿಯೂ ಮಧ್ಯಾಹ್ನಕ್ಕೆ ಮುದ್ದೆಯೇ.

ಗುತ್ತಲಿನಲ್ಲಿ ನನ್ನ ಹಳೆಯ ಶಿಷ್ಯನೊಬ್ಬನ ಮನೆಯಿದೆ. ಆತನ ತಾಯಿಗೆ ಎಂಬತ್ತು ದಾಟಿದ್ದರೂ ಮನೆಯ ಧಾನ್ಯದ ಯಜಮಾನಿಕೆ ಇನ್ನೂ ಆಕೆಯದೇ. ಕಳೆದ ಬೇಸಗೆಯಲ್ಲಿ ನಾನು ಅಲ್ಲಿಗೆ ಹೋಗಿದ್ದಾಗ ಹಜಾರದ ಮೂಲೆಯಲ್ಲಿ ಒದ್ದೆಯ ಬಟ್ಟೆಯ ಗಂಟೊಂದು ಬೆತ್ತದ ಬುಟ್ಟಿಯಲ್ಲಿ ಕುಳಿತಿದ್ದಿತು. ಮರಿಮಗುವಿಗೆ ಅನ್ನ ಹಾಕುವ ಕಾಲ ಬಂದಿತ್ತಾದ್ದರಿಂದ ಆಕೆ ರಾಗಿಯ ಸರಿಗೆ ಮೊಳಕೆ ಕಟ್ಟಿದ್ದರು.

ಈ ಕೆಲಸದ ಕ್ರಮವನ್ನು ನಮ್ಮ ತಾಯಂದಿರು ಬಲ್ಲರು. ಈಗಿನ ಸೊಸೆಯಂದಿರು ಡಬ್ಬಿಯನ್ನು ಬಲ್ಲರು. ಆದಕಾರಣ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ರಾಗಿಯನ್ನು ಕೇರಿ, ಕಲ್ಲನ್ನು ಅರಿಸಿ, ನಾಲ್ಕೈದು ಸಲ ತೊಳೆದು ರಾತ್ರಿಯೆಲ್ಲ ನೆನೆಯಿಡಬೇಕು. ಬೆಳಗ್ಗೆ ನೀರನ್ನು ಪೂರ್ತಿ ಬಸಿದು ತೆಳುವಾದ ಬಟ್ಟೆಯಲ್ಲಿ ಸಡಿಲವಾಗಿ ಗಂಟುಕಟ್ಟಿ, ಗಾಳಿಯಾಡುವ ಆದರೆ ಬಿಸಿಲು ಬೀಳದ ಸ್ಥಳದಲ್ಲಿ ಇಡಬೇಕು. ಬಟ್ಟೆ ಒಣಗಿದಾಗ ನೀರನ್ನು ಚಿಮುಕಿಸುತ್ತಿರಬೇಕು. ಒಂದೆರಡು ದಿನಗಳೊಳಗೆ ಕಾಳಿನಿಂದ ಬಿಳಿಯ ನೂಲಿನಂಥ ಮೊಳಕೆ ಹೊರಡುವುದು. ಆಗ ಹರಡಿ ಚೆನ್ನಾಗಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಬೇರಿನ ಎಳೆಗಳನ್ನು ಉದುರಿಸಿ, ಬಾಣಲೆಯಲ್ಲಿ ಹದವಾಗಿ ಹುರಿದು, ಬೀಸಿ, ವಸ್ತ್ರಗಾಳಿತ ಮಾಡಬೇಕು. ಹುರಿಯುವ ಹದ ಯಾವುದೆಂದು ಕೇಳಿದುದಕ್ಕೆ ಆಕೆ, "ಗಮ ಬರ್ಬೇಕು ಮೇಷ್ಟ್ರೇ, ಹೊಗೆ ಬರ್ಬಾರ್ದು" ಎಂದರು. ಪಾಕಶಾಸ್ತ್ರದ ಸೂತ್ರವೊಂದನ್ನು ಇದಕ್ಕಿಂತ ಕಡಿಮೆ ಮಾತಿನಲ್ಲಿ ಹೇಳುವುದು ಅಸಾಧ್ಯ.

ಅದೇ ಸಮಯಕ್ಕೆ ಆಕೆಯ ಮೊಮ್ಮಗ ಅಮೆರಿಕದಿಂದ ರಜೆಗೆ ಬಂದಿದ್ದನು. ಗಣಕಯಂತ್ರದ ಉದ್ಯೋಗ, ಸಣ್ಣ ಬಾಡಿಗೆಯ ಮನೆ, ಶನಿವಾರ ಭಾನುವಾರಗಳಲ್ಲಿ ಕೈಗೆ ಕೆಲಸವಿಲ್ಲ. ಅಲ್ಲಿಯ ಅನೇಕರಂತೆ ಇವನೂ ತನ್ನ ಅಡಿಗೆಯ ಮನೆಯಲ್ಲಿ ಒಂದು ಸಣ್ಣ ಪಾತ್ರೆಯನ್ನಿಟ್ಟುಕೊಂಡು ಧಾನ್ಯದಿಂದ ಬಿಯರನ್ನು ಮಾಡುವುದನ್ನು ಕಲಿತಿದ್ದನಂತೆ. ಗಂಟಿನೊಳಗಿನ ಮೊಳಕೆಯನ್ನು ಕಂಡೊಡನೆಯೇ ಅವನು ಕುಣಿದಾಡುವಂತಾದನು. "ಅಜ್ಜೀ, ನಾನು ಅಲ್ಲಿ ದುಡ್ಡು ಕೊಟ್ಟು ತರೋದು ಇದನ್ನೇ!" ಎಂದನು. ಅಜ್ಜಿಗೆ ಸಂತೋಷವಾಯಿತು, ಯಾವುದಕ್ಕಾಗಿ ತರುವನೆಂಬುದು ತಿಳಿದ ಮೇಲೆ ಅವನ ತಾಯಿಯ ಮುಖ ಸಣ್ಣದಾಯಿತು.

ಅವನು ನನಗೆ ವಿವರಿಸಿದ ಕ್ರಮ ಹೀಗೆ. ಅಲ್ಲಿಯವರು ಮೊಳಕೆ ಬರಿಸಿ ಒಣಗಿಸುವುದು ಜವೆಯನ್ನು, ಎಂದರೆ ಬಾರ್ಲಿಯನ್ನು. ನಾಲ್ಕು ಲೀಟರು ಪೇಯಕ್ಕೆ ಸುಮಾರು ಒಂದು ಕಿಲೋ ಮೊಳಕೆಜವೆ. ಅದನ್ನು ಹಿಟ್ಟಾಗದಂತೆ ನುಚ್ಚುನುಚ್ಚಾಗಿ ಒಡೆದು, ತೆಳುಬಟ್ಟೆಯ ಚೀಲದಲ್ಲಿ ಹಾಕಿ, ಐದಾರು ಲೀಟರು ನೀರಿನಲ್ಲಿ ಮುಳುಗಿಸುತ್ತಾರೆ. ನೀರಿನ ಉಷ್ಣತೆಯು ೬೫ರಿಂದ ೬೮ ಡಿಗ್ರಿ ಸೆಂಟಿಗ್ರೇಡಿನ ನಡುವೆ ಒಂದು ಗಂಟೆಯ ಕಾಲ ನಿಲ್ಲಬೇಕು. ಇದೇ ಎಲ್ಲಕ್ಕಿಂತ ನಾಜೂಕಾದ ಘಟ್ಟ. ಆಮೇಲೆ ಚೀಲವನ್ನು ಎತ್ತಿ ಹಿಂಡಿದರೆ ಉಳಿಯುವುದು ಸಿಹಿಯಾದ ಗಂಜಿನೀರು. ಅದನ್ನು ಒಂದು ಗಂಟೆ ಕುದಿಸುವಾಗ ಹಾಪ್ಸ್ ಎಂಬ ಬಳ್ಳಿಯ ಒಣಗಿದ ಹೂವನ್ನು ಏಳೆಂಟು ಗ್ರಾಮಿನಷ್ಟು ಹಾಕುತ್ತಾರೆ. ಕಹಿಯನ್ನೂ ಪರಿಮಳವನ್ನೂ ಕೊಟ್ಟು, ಬೇಗ ಕೆಡದಂತೆ ಕಾಪಾಡುವುದು ಅದರ ಗುಣ. ಬಳಿಕ ಪಾತ್ರೆಯನ್ನು ಮಂಜುಗಡ್ಡೆಯ ನೀರಿನಲ್ಲಿ ಕೂರಿಸಿ ೨೦ ಡಿಗ್ರಿಗೆ ತಣಿಸಿ, ಯೀಸ್ಟನ್ನು ಉದುರಿಸಿ, ಗಾಳಿ ಹೊರಹೋಗಬಹುದಾದ ಆದರೆ ಒಳಬರಲಾರದ ಮುಚ್ಚಳವಿರುವ ಜಾಡಿಯಲ್ಲಿ ಎರಡು ವಾರ ಇಡುತ್ತಾರೆ. ಕೊನೆಗೆ ಲೀಟರಿಗೆ ಆರೇಳು ಗ್ರಾಂ ಸಕ್ಕರೆಯನ್ನು ಸೇರಿಸಿ ಸೀಸೆಗಳಲ್ಲಿ ತುಂಬಿ ಮತ್ತೆರಡು ವಾರ ಬಿಟ್ಟರೆ ನೊರೆಯೇಳುವ ಬಿಯರು ಸಿದ್ಧ; ಅದರಲ್ಲಿ ಮದ್ಯಸಾರವು ನೂರಕ್ಕೆ ಸುಮಾರು ಐದು ಪಾಲು. ಕುದಿಸಿದ ಮೇಲೆ ಮುಟ್ಟುವ ಸಕಲ ಸಾಮಗ್ರಿಯೂ ಶುಚಿಯಾಗಿರಬೇಕು, ಕೈತಪ್ಪಿದರೆ ಹುಳಿಯಾಗುವುದು. "ಮಡಿ ಅಂದ್ರೆ ಏನು ಅಂತ ನನಗೆ ಗೊತ್ತಾಗಿದ್ದು ಅಲ್ಲೇ ಮೇಷ್ಟ್ರೇ" ಎಂದು ಹುಡುಗನು ನಕ್ಕನು.

ಕಾಳಿನೊಳಗೆ ನಡೆಯುವುದೇನು? ಧಾನ್ಯದ ಒಡಲಲ್ಲಿರುವುದು ಪಿಷ್ಟ, ಅದಕ್ಕೆ ಸಿಹಿಯಿಲ್ಲ. ಬೀಜವು ಮೊಳೆಯುವಾಗ ಎಳೆಯ ಸಸಿಗೆ ಆಹಾರವಾಗಲೆಂದು ಅದರಲ್ಲಿ ಕಿಣ್ವಗಳು ಹುಟ್ಟಿ, ಪಿಷ್ಟವನ್ನು ತುಂಡರಿಸಿ ಸಕ್ಕರೆಯನ್ನಾಗಿ ಮಾಡತೊಡಗುವುವು. ಒಣಗಿಸಿದರೆ ಕಿಣ್ವವು ಸಾಯದೆ ಮಲಗಿರುವುದು. ಬೆಚ್ಚನೆಯ ನೀರು ಸೋಕಿದರೆ ಎಚ್ಚರಗೊಳ್ಳುವುದು. ಬಿಸಿ ಮಿತಿಮೀರಿದರೆ ನಾಶವಾಗುವುದು. ಒಟ್ಟಿನಲ್ಲಿ ಒಂದು ಸಸಿಗೆಂದು ಪ್ರಕೃತಿಯು ಕಟ್ಟಿಟ್ಟ ಬುತ್ತಿಯನ್ನು ಮನುಷ್ಯನು ಮಧ್ಯದಲ್ಲಿ ಬಿಚ್ಚಿಕೊಳ್ಳುತ್ತಾನೆ. ಬಿಚ್ಚಿದ ಬುತ್ತಿಯನ್ನು ಮಗುವಿಗೆ ಕೊಡುವನೋ, ಯೀಸ್ಟಿಗೆ ಕೊಡುವನೋ ಎಂಬುದರಲ್ಲಿಯೇ ಸರಿಗೂ ಸುರೆಗೂ ಇರುವ ಭೇದ.

ಈ ವಿದ್ಯೆ ಪಾಶ್ಚಾತ್ಯರದೆಂದು ಭಾವಿಸತಕ್ಕದ್ದಿಲ್ಲ. ಶ್ರೌತಕರ್ಮಗಳಲ್ಲಿ ಸೌತ್ರಾಮಣಿಯೆಂಬುದೊಂದುಂಟು. ಅದರಲ್ಲಿ ಆಹುತಿಗಾಗಿ ಸಿದ್ಧಪಡಿಸುವ ಸುರೆಗೆ ಹೇಳಿರುವ ಸಾಮಗ್ರಿಗಳಲ್ಲಿ ಶಷ್ಪವೆಂದರೆ ಮೊಳೆತ ಭತ್ತ, ತೋಕ್ಮವೆಂದರೆ ಮೊಳೆತ ಜವೆ, ಲಾಜವೆಂದರೆ ಅರಳು. ಕಾಳು ಮೊಳೆತರೆ ಗುಣ ಬದಲಾಗುವುದೆಂಬುದನ್ನು ಆ ಕಾಲದವರು ಕಂಡುಕೊಂಡಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಸ್ಮೃತಿಕಾರರು ಸುರೆಯನ್ನು ಗೌಡೀ, ಪೈಷ್ಟೀ, ಮಾಧ್ವೀ ಎಂದು ಮೂರಾಗಿ ವಿಂಗಡಿಸಿದರು. ಬೆಲ್ಲದ್ದು ಗೌಡೀ, ಧಾನ್ಯದ ಹಿಟ್ಟಿನದು ಪೈಷ್ಟೀ. ಇಂದಿನ ಬಿಯರು ಈ ಪೈಷ್ಟಿಯ ವಂಶದ್ದು. ಸುರೆಯು ಅನ್ನದ ಕೊಳೆಯೆಂದು ಹೇಳಿ ಮನುವು ಅದನ್ನು ನಿಷೇಧಿಸಿದನು.

ನಿಷೇಧಿಸಿದವರು ಒಬ್ಬರಾದರೆ ಸುಂಕ ಹಾಕಿದವರು ಇನ್ನೊಬ್ಬರು. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂದುದು, ಅದನ್ನು ಪಂಡಿತ ಆರ್. ಶಾಮಶಾಸ್ತ್ರಿಗಳು ಗುರುತಿಸಿ ೧೯೦೯ರಲ್ಲಿ ಅಚ್ಚುಹಾಕಿಸಿದುದು ಕನ್ನಡಿಗರೆಲ್ಲರೂ ಹೆಮ್ಮೆಪಡತಕ್ಕ ಸಂಗತಿ. ಆ ಗ್ರಂಥದಲ್ಲಿ ಸುರಾಧ್ಯಕ್ಷನ ಪ್ರಕರಣವೊಂದಿದೆ. ಮೇದಕವೆಂಬ ಪಾನೀಯಕ್ಕೆ ಅಲ್ಲಿ ಹೇಳಿದ ಅಳತೆಯನ್ನು ಈಗಿನ ಲೆಕ್ಕಕ್ಕೆ ಇಳಿಸಿದರೆ ಹದಿನಾರು ಪಾಲು ನೀರು, ಎರಡು ಪಾಲು ಅಕ್ಕಿ, ಮೂರು ಪಾಲು ಕಿಣ್ವ. ಆ ಕಿಣ್ವವನ್ನು ಮಾಡುವುದು ಹೇಗೆಂದರೆ, ಉದ್ದನ್ನು ಅರೆದು, ಅಕ್ಕಿಯನ್ನು ಸೇರಿಸಿ, ಕೆಲವು ಮೂಲಿಕೆಗಳನ್ನು ಬೆರೆಸಿ! ಉದ್ದು ಅಕ್ಕಿಗಳನ್ನು ಅರೆದಿಟ್ಟರೆ ತಾನಾಗಿಯೇ ಉಬ್ಬುವುದನ್ನು ಇಡ್ಲಿ ಮಾಡುವ ನಮ್ಮ ಗೃಹಿಣಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಂದು ನಮ್ಮ ಮಕ್ಕಳು ವಿಜ್ಞಾನದ ಪಾಠಗಳಲ್ಲಿ ಓದುವ 'ಪಿಷ್ಟ' 'ಕಿಣ್ವ' ಎಂಬ ಎರಡು ಮಾತುಗಳೂ ಈ ಹಳೆಯ ಸುರೆಯ ಗಡಿಗೆಯೊಳಗಿಂದಲೇ ಎದ್ದುಬಂದವು. ಅಂದು ಹುದುಗೆಬ್ಬಿಸುವ ಮುದ್ದೆಗೆ ಕಿಣ್ವವೆಂದು ಹೆಸರು; ಇಂದು ಜೀವಿಗಳೊಳಗೆ ಕೆಲಸಮಾಡುವ ಸೂಕ್ಷ್ಮದ್ರವ್ಯಕ್ಕೆ ಅದೇ ಹೆಸರು. ಪದವು ಉಳಿದು ಅರ್ಥವು ಶೋಧಿಸಲ್ಪಟ್ಟಿತು.

ಕೌಟಿಲ್ಯನು ಇನ್ನೊಂದು ಮಾತನ್ನೂ ಹೇಳುತ್ತಾನೆ. ಗೃಹಸ್ಥರು ವಿಶೇಷ ಸಂದರ್ಭಗಳಲ್ಲಿ ಬಿಳಿಯ ಸುರೆಯನ್ನೂ, ಔಷಧಾರ್ಥವಾಗಿ ಅರಿಷ್ಟವನ್ನೂ ಮಾಡಿಕೊಳ್ಳಬಹುದು. ಉತ್ಸವ ಯಾತ್ರೆಗಳಲ್ಲಿ ನಾಲ್ಕು ದಿನಗಳ ಮಟ್ಟಿಗೆ ಅನುಮತಿಯುಂಟು. ಅಮೆರಿಕದ ಕಾನೂನು ೧೯೭೯ರಿಂದ ಈಚೆಗೆ ವಯಸ್ಕನೊಬ್ಬನಿಗೆ ವರ್ಷಕ್ಕೆ ನೂರು ಗ್ಯಾಲನ್ ಬಿಯರನ್ನು ಮನೆಯ ಬಳಕೆಗಾಗಿ ಸುಂಕವಿಲ್ಲದೆ ಮಾಡಿಕೊಳ್ಳಲು ಬಿಟ್ಟಿದೆ. ನಮ್ಮಲ್ಲಿ ಹಾಗಿಲ್ಲ. ೧೯೬೫ರ ಕರ್ನಾಟಕ ಅಬಕಾರಿ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯವನ್ನು ತಯಾರಿಸುವುದು ಶಿಕ್ಷಾರ್ಹವಾದ ಅಪರಾಧ. ಸ್ವಂತಕ್ಕೆ ನಾಲ್ಕು ಲೀಟರು ಮಾತ್ರವೆಂಬ ಸಮಾಧಾನವು ಅಲ್ಲಿ ಸಲ್ಲದು. ಬೆಂಗಳೂರಿನಲ್ಲಿ ಪರವಾನಗಿ ಪಡೆದ ಸಣ್ಣ ಬಿಯರುಮನೆಗಳು ಕಳೆದ ಹದಿನೈದು ವರ್ಷಗಳಿಂದ ಹೆಚ್ಚಿವೆ. ಅವುಗಳಲ್ಲಿ ಕೆಲವರು ರಾಗಿಯನ್ನು ಸೇರಿಸಿ ಕಾಸಿದುದೂ ಉಂಟು. ಅದು ಅಂಗಡಿಯ ಮಾತು. ಮನೆಯ ಒಲೆಗೆ ಅದು ಅನ್ವಯಿಸುವುದಿಲ್ಲ.

ನಾನು ಕಾಯಿದೆಯ ಮಾತನ್ನು ಹೇಳಿದಾಗ ಹುಡುಗನು ಸುಮ್ಮನಾದನು. ಆದರೆ ಅವನ ಮುಖದಲ್ಲಿ ಸಮ್ಮತಿಯಿರಲಿಲ್ಲ. "ಇದು ಸಾರಾಯಿ ಅಲ್ಲ, ಭಟ್ಟಿ ಇಳಿಸೋದಿಲ್ಲ, ವಿಷ ಆಗೋದಿಲ್ಲ" ಎಂದು ವಾದಿಸಿದನು. ಅದರಲ್ಲಿ ಸತ್ಯವಿಲ್ಲದೆ ಇಲ್ಲ. ಬಿಯರು ಅರ್ಕವಲ್ಲ, ಅದು ಹುದುಗಿದ ನೀರು. ೧೯೮೧ರ ಜುಲೈ ತಿಂಗಳಿನಲ್ಲಿ ಬೆಂಗಳೂರಿನಲ್ಲಿಯೂ ಸುತ್ತಮುತ್ತಲೂ ಕಳ್ಳಸಾರಾಯಿಯನ್ನು ಕುಡಿದು ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಅವರನ್ನು ಕೊಂದುದು ಅದಕ್ಕೆ ಬೆರೆತಿದ್ದ ಮೀಥೈಲ್ ಆಲ್ಕೊಹಾಲು. ಧಾನ್ಯವನ್ನು ಶುಚಿಯಾಗಿ ಹುದುಗಿಸಿದ ಪೇಯದಲ್ಲಿ ಅಂಥ ಭಯವಿಲ್ಲ. ಆದರೆ ಅವನ ತಾಯಿಯ ಅಂಜಿಕೆಯು ರಸಾಯನಶಾಸ್ತ್ರದ್ದಾಗಿರಲಿಲ್ಲ. ಅದನ್ನು ಅಜ್ಜಿಯೇ ಬಿಡಿಸಿ ಹೇಳಿದರು. "ನಮ್ಮಣ್ಣ ಎರಡೆಕ್ರೆ ಗದ್ದೇನ ಸಾರಾಯಂಗಡೀಗೆ ಸುರ್ದ, ಮಗ. ನಾಲೆ ನೀರು ಬಂದಿದ್ದ ಗದ್ದೆ. ಅವನೂ ಮೊದಲು ಬರೀ ಹೆಂಡ ಅಂತ್ಲೇ ಅಂತಿದ್ದ." ಸಾರಾಯಿಯ ಅಂಗಡಿಗಳು ೨೦೦೭ರ ಜುಲೈ ೧ರಿಂದ ರಾಜ್ಯದಲ್ಲೆಲ್ಲ ಮುಚ್ಚಿದವು, ಹೋದ ಗದ್ದೆಗಳು ಮಾತ್ರ ಹಿಂದಿರುಗಲಿಲ್ಲ. ಆ ಮಾತಿನ ಮೇಲೆ ಯಾರೂ ವಾದಮಾಡಲಿಲ್ಲ.

ಆದರೆ ಆಕೆ ಅಷ್ಟಕ್ಕೇ ಬಿಡಲಿಲ್ಲ. "ನಿಂಗೆ ಗೊತ್ತಿರೋದ ಸಿಹಿ ಆಗೋವರ್ಗೂ ಮಾಡಿ ತೋರ್ಸು. ಆಮೇಲಿಂದು ಬ್ಯಾಡ" ಎಂದರು. ಸುರೆಯ ದಾರಿಯಲ್ಲಿ ಅರ್ಧದವರೆಗೆ ಹೋಗಿ ನಿಲ್ಲುವುದಕ್ಕೆ ಕಾಯಿದೆಯ ಅಡ್ಡಿಯಿಲ್ಲ. ಹೀಗೆ ಗುತ್ತಲಿನ ಒಲೆಯ ಮೇಲೆ ಕಿರುಪಾತ್ರೆಯೇರಿತು.

ಹುರಿಯದೆ ಒಣಗಿಸಿದ ಮೊಳಕೆರಾಗಿಯನ್ನೇ ಇದಕ್ಕೆ ತೆಗೆದುಕೊಳ್ಳಬೇಕಾಯಿತು. ಹುರಿದರೆ ಪರಿಮಳವು ಹೆಚ್ಚಿ ಕಿಣ್ವದ ಬಲವು ಕುಂದುವುದು. ಜವೆಗೂ ರಾಗಿಗೂ ಇನ್ನೆರಡು ವ್ಯತ್ಯಾಸಗಳುಂಟು. ಜವೆಯ ಹೊಟ್ಟು ತಾನೇ ಜರಡಿಯಾಗಿ ನೀರನ್ನು ಸೋಸುವುದು. ರಾಗಿಗೆ ಅಂಥ ಹೊಟ್ಟಿಲ್ಲವಾಗಿ ಬಟ್ಟೆಯೇ ಗತಿ. ರಾಗಿಯ ಪಿಷ್ಟವು ಬೇಯುವುದಕ್ಕೆ ಜವೆಯದಕ್ಕಿಂತ ಹೆಚ್ಚು ಬಿಸಿ ಬೇಕು. ಅಷ್ಟು ಬಿಸಿಮಾಡಿದರೆ ಕಿಣ್ವವು ಸಾಯುವುದು. ಈ ತೊಡಕಿಗೆ ಹುಡುಗನು ಒಂದು ಉಪಾಯವನ್ನು ಬಲ್ಲವನಾಗಿದ್ದನು. ಅರ್ಧ ಕಿಲೋ ಮೊಳಕೆರಾಗಿಯ ತರಿಯನ್ನು ಮೂರು ಲೀಟರು ಉಗುರುಬೆಚ್ಚನೆಯ ನೀರಿನಲ್ಲಿ ಕಲಸಿ ಅರ್ಧ ಗಂಟೆ ಬಿಟ್ಟನು. ಕಿಣ್ವವು ನೀರಿಗಿಳಿಯಿತು. ಮೇಲಿನ ತಿಳಿಯನ್ನು ಬೇರೆ ಚೊಂಬಿಗೆ ಬಸಿದಿಟ್ಟು, ತಳದ ಗಷ್ಟನ್ನು ಮಾತ್ರ ಒಲೆಯ ಮೇಲಿಟ್ಟು ಗಂಜಿಯಾಗುವಂತೆ ಬೇಯಿಸಿದನು. ಗಂಜಿಯು ಸೌಟನ್ನು ನಿಲ್ಲಿಸುವಷ್ಟು ಗಟ್ಟಿಯಾಯಿತು. ಅದನ್ನು ಇಳಿಸಿ ಆರಲು ಬಿಟ್ಟು, ತೆಗೆದಿಟ್ಟ ತಿಳಿಯನ್ನು ಸ್ವಲ್ಪಸ್ವಲ್ಪವಾಗಿ ಹಿಂದಕ್ಕೆ ಹಾಕುತ್ತ ೬೫ ಡಿಗ್ರಿಗೆ ತರಬೇಕು.

ಉಷ್ಣಮಾಪಕವು ಅವನ ಪೆಟ್ಟಿಗೆಯಲ್ಲಿದ್ದಿತು. ಅದನ್ನು ಹುಡುಕಿ ತರುವುದರೊಳಗೆ ಅಜ್ಜಿ ಪಾತ್ರೆಯ ಹೊರಮೈಗೆ ಅಂಗೈಯನ್ನು ತಾಗಿಸಿ ತಟ್ಟನೆ ತೆಗೆದು, "ಇನ್ನೊಸಿ ಆರ್ಲಿ" ಎಂದರು. ಕೊಂಚ ಹೊತ್ತಿಗೆ ಮತ್ತೆ ಮುಟ್ಟಿ, "ಈಗ ಆಯ್ತು" ಎಂದರು. ಮಾಪಕವನ್ನು ಅದ್ದಿದಾಗ ಪಾದರಸವಿಲ್ಲದ ಆ ಹೊಸ ಬಗೆಯ ಕಡ್ಡಿಯು ೬೬ ಎಂದು ತೋರಿಸಿತು. ಹುಡುಗನು ಅಜ್ಜಿಯ ಕೈಯನ್ನು ಹಿಡಿದುಕೊಂಡು ಬಹಳ ಹೊತ್ತು ನೋಡಿದನು.

ಪಾತ್ರೆಗೆ ಮುಚ್ಚಳವಿಟ್ಟು ಕಂಬಳಿಯನ್ನು ಸುತ್ತಿದರು. ಐದಾರು ನಿಮಿಷ ಕಳೆಯುವುದರೊಳಗೆ ಗಂಜಿಯು ತಾನಾಗಿಯೇ ನೀರಾಗಿದ್ದಿತು! ಸೌಟನ್ನು ನಿಲ್ಲಿಸಿದ ಗಂಜಿಯಿಂದ ಈಗ ಧಾರೆಯಿಳಿಯುತ್ತಿದ್ದಿತು. ಅಂಗಡಿಯಿಂದ ಟಿಂಚರ್ ಅಯೋಡಿನ್ ತರಿಸಿ ಬಿಳಿಯ ತಟ್ಟೆಯಲ್ಲಿ ಪರೀಕ್ಷಿಸಿದೆವು. ಗಂಜಿಯ ಮೊದಲಿನ ಹನಿಗೆ ಅಯೋಡಿನ್ ತಾಗಿದಾಗ ಮಸಿಯಂತೆ ನೀಲಿಗಪ್ಪಾಯಿತು. ಅದು ಪಿಷ್ಟದ ಗುರುತು. ಒಂದು ಗಂಟೆಯಾದ ಮೇಲೆ ತೆಗೆದ ಹನಿಯಲ್ಲಿ ಆ ಕಪ್ಪು ಬಹುಮಟ್ಟಿಗೆ ಹೋಗಿ ಔಷಧದ ಸ್ವಂತದ ಕಂದುಬಣ್ಣವೇ ಉಳಿಯಿತು. ನಾಲಗೆಗೆ ಹಚ್ಚಿದರೆ ಸಿಹಿ. ಒಂದು ಚಿಟಿಕೆ ಬೆಲ್ಲವನ್ನೂ ಹಾಕಿರಲಿಲ್ಲವೆಂದರೆ ಕಬ್ಬಿನ ನಾಡಿನಲ್ಲಿ ನಂಬುವವರು ಕಡಿಮೆ.

ಬಟ್ಟೆಯಲ್ಲಿ ಸೋಸಿ, ಶುಂಠಿ ಏಲಕ್ಕಿಗಳನ್ನು ಹಾಕಿ ಕುದಿಸಿ ಮಕ್ಕಳಿಗೆ ಕೊಟ್ಟರು. ಗಷ್ಟು ಹಸುವಿಗೆ ಹೋಯಿತು. ಬಿಯರಿನ ಕಾರ್ಖಾನೆಗಳ ಗಷ್ಟೂ ಹೋಗುವುದು ದನಗಳಿಗೇ. ಹುಡುಗನು ಉಳಿದುದನ್ನು ಮುಚ್ಚಿಡಲು ಹೋದಾಗ ಅಜ್ಜಿ ತಡೆದರು. "ಇವತ್ತು ಕುಡುದ್ರೆ ಪಾನ್ಕ, ನಾಳಿದ್ದು ಕುಡುದ್ರೆ ಹೆಂಡ. ಇಡ್ಬ್ಯಾಡ" ಎಂದರು. ಯೀಸ್ಟು ಗಾಳಿಯಲ್ಲಿಯೂ, ಧಾನ್ಯದ ಮೇಲೆಯೂ, ಪಾತ್ರೆಯ ಅಂಚಿನಲ್ಲಿಯೂ ಇರುವುದೆಂದೂ, ಸಿಹಿನೀರನ್ನು ಕಂಡರೆ ಕರೆಯದೆಯೇ ಬರುವುದೆಂದೂ ಶಾಸ್ತ್ರಜ್ಞರು ಹೇಳುವ ಮಾತು ಇದೇ ಅಲ್ಲವೆ? ಆಲೆಮನೆಯವರೂ ಇದನ್ನು ಬಲ್ಲರು. ಆದಕಾರಣವೇ ಹಿಂಡಿದ ಕಬ್ಬಿನ ಹಾಲನ್ನು ಹೊತ್ತು ಕಳೆಯಗೊಡದೆ ಕೊಪ್ಪರಿಗೆಗೆ ಸುರಿಯುತ್ತಾರೆ.

ಈ ಪರೀಕ್ಷೆಯಲ್ಲಿ ತಾಯಂದಿರು ತಿಳಿಯಬೇಕಾದ ಪ್ರಯೋಜನವೊಂದುಂಟು. ಮಗುವಿನ ಹೊಟ್ಟೆ ಸಣ್ಣದು. ಗಂಜಿಯು ತೆಳ್ಳಗಿದ್ದರೆ ಅದರಲ್ಲಿ ಸತ್ತ್ವವಿಲ್ಲ. ಗಟ್ಟಿಯಾಗಿದ್ದರೆ ಮಗು ನುಂಗಲಾರದು. ಮೊಳಕೆ ಕಟ್ಟಿದ ಹಿಟ್ಟಿನ ಗಂಜಿಯು ಹೆಚ್ಚು ಹಿಟ್ಟನ್ನು ಹಿಡಿದೂ ತೆಳ್ಳಗೆ ಉಳಿಯುವುದು. ಮೈಸೂರಿನಲ್ಲಿ ೧೯೫೦ರಲ್ಲಿ ಸ್ಥಾಪಿತವಾದ ಕೇಂದ್ರ ಆಹಾರ ಸಂಶೋಧನಾಲಯದ ವಿಜ್ಞಾನಿಗಳು ರಾಗಿಯ ಮೊಳಕೆಯ ಗುಣಗಳನ್ನು ಪರಿಶೀಲಿಸಿ, ಶಿಶುಗಳ ಆಹಾರಕ್ಕೆ ಅದು ಬಹಳ ತಕ್ಕುದೆಂದು ಕಂಡರು. ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೪೪ ಮಿಲಿಗ್ರಾಂ ಸುಣ್ಣದ ಅಂಶವೂ ಉಂಟು. ಒದ್ದೆಯ ಬಟ್ಟೆಯಲ್ಲಿ ಮೊಳಕೆಯ ಜತೆಗೆ ರೋಗಾಣುಗಳೂ ಬೆಳೆಯಬಹುದಾದ್ದರಿಂದ, ಸರಿಯನ್ನು ಚೆನ್ನಾಗಿ ಕುದಿಸದೆ ಮಗುವಿಗೆ ಕೊಡಬಾರದು. ಗಂಟು ಕೆಟ್ಟ ನಾತ ಬಂದರೆ ಚೆಲ್ಲಿಬಿಡಬೇಕು.

ರಾಗಿಯು ಈ ನೆಲದ ಮೂಲನಿವಾ‌ಸಿಯಲ್ಲ. ಅದರ ಹುಟ್ಟೂರು ಆಫ್ರಿಕದ ಪೂರ್ವಭಾಗದ ಎತ್ತರದ ನೆಲಗಳು. ಸಾವಿರಾರು ವರ್ಷಗಳ ಹಿಂದೆ ಅದು ನಮ್ಮಲ್ಲಿಗೆ ಬಂದು ನೆಲಸಿತು. ಉಗಾಂಡದಲ್ಲಿ ತೇಸೋ ಜನರು ರಾಗಿಯಿಂದ 'ಅಜೋನ್' ಎಂಬ ಪೇಯವನ್ನು ಮಾಡಿ, ಗಡಿಗೆಯ ಸುತ್ತ ಕುಳಿತು ಉದ್ದವಾದ ಕೊಳವೆಗಳಿಂದ ಹೀರುತ್ತಾರೆ. ನೇಪಾಳದ ಪೂರ್ವಭಾಗದಲ್ಲಿಯೂ ಸಿಕ್ಕಿಮಿನಲ್ಲಿಯೂ ಹುದುಗಿಸಿದ ರಾಗಿಯ ಮೇಲೆ ಬಿಸಿನೀರನ್ನು ಹುಯ್ದು ಬಿದಿರಿನ ಕೊಳವೆಯಿಂದ ಕುಡಿಯುವ 'ತೋಂಗ್ಬಾ' ಇದೆ. ಮಂಡ್ಯದ ರಾಗಿಯು ಮುದ್ದೆಯಾಯಿತು, ಹುರಿಹಿಟ್ಟಾಯಿತು, ರಾತ್ರಿ ಕಾಸಿಟ್ಟು ಬೆಳಗ್ಗೆ ಮಜ್ಜಿಗೆ ಈರುಳ್ಳಿಗಳೊಡನೆ ಕುಡಿಯುವ ಹುಳಿ ಅಂಬಲಿಯಾಯಿತು. ಅಂಬಲಿಯೂ ಹುದುಗಿದುದೇ, ಆದರೆ ಅಲ್ಲಿ ಕೆಲಸಮಾಡುವುದು ಮೊಸರಿನ ಜಾತಿಯ ಅಣುಜೀವಿಗಳು, ಅವು ಕೊಡುವುದು ಹುಳಿಯನ್ನು, ಮತ್ತನ್ನಲ್ಲ. ವೈದ್ಯರು ಕಾಂಜಿಕ, ಧಾನ್ಯಾಮ್ಲ ಎಂದು ಹೇಳುವುದು ಈ ವರ್ಗದ ದ್ರವಗಳನ್ನೇ. ಅಂಬಲಿ ಕುಡಿಯುವವನಿಗೆ ಮೀಸೆ ತಿಕ್ಕುವವನೊಬ್ಬ ಎಂದು ಗಾದೆ ಹಾಸ್ಯಮಾಡಿದರೂ, ಹೊಲಕ್ಕೆ ಹೋಗುವವನ ಹೊಟ್ಟೆಯನ್ನು ತಂಪಾಗಿಟ್ಟುದು ಅಂಬಲಿಯೇ.

ಮಂಡ್ಯದ ಬಳಿಯ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರೆಂದೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯನವರು ತಮ್ಮ ಬಾಳನ್ನು ಈ ಸಣ್ಣ ಕಾಳಿಗೆ ಮುಡಿಪಿಟ್ಟಿದ್ದರು. ನಮ್ಮ ದೇಶದ ರಾಗಿಗೂ ಆಫ್ರಿಕದ ರಾಗಿಗೂ ಸಂಕರವನ್ನುಂಟುಮಾಡಿ ಅವರು ಪಡೆದ ತಳಿಗಳಿಗೆ 'ಇಂಡಾಫ್' ಎಂದು ಹೆಸರಾಯಿತು. ಇಂಡಿಯ, ಆಫ್ರಿಕ ಎರಡೂ ಆ ಹೆಸರಿನಲ್ಲಿವೆ. ಸಾವಿರಾರು ವರ್ಷ ಅಗಲಿದ್ದ ದಾಯಾದಿಗಳು ಮಂಡ್ಯದ ಹೊಲದಲ್ಲಿ ಮತ್ತೆ ಸಂಧಿಸಿದಂತಾಯಿತು. ನಾಲೆಯ ನೀರು ಹರಿಯುವ ಮಂಡ್ಯದಲ್ಲಿಯೇ ಮಳೆಯ ಬೆಳೆಯಾದ ರಾಗಿಗೆ ಹೊಸ ಜನ್ಮ ಸಿಕ್ಕಿದುದು ವಿಶೇಷವಲ್ಲವೆ?

ಇಷ್ಟನ್ನೆಲ್ಲ ಕಂಡು ಕೇಳಿದ ಮೇಲೆ ನನಗೆ ದೃಢವಾಗಿ ತೋರಿದ ಸಂಗತಿ ಒಂದೇ. ಕಾಳಿನಿಂದ ಸಿಹಿಯನ್ನು ಹೊರಡಿಸುವುದು ಒಂದು ವಿದ್ಯೆ. ಎಲ್ಲಿ ನಿಲ್ಲಿಸಬೇಕೆಂಬುದು ಇನ್ನೊಂದು ವಿದ್ಯೆ. ಮೊದಲನೆಯದನ್ನು ಆ ಹುಡುಗನು ಸಮುದ್ರದಾಚೆ ಹಣಕೊಟ್ಟು ಕಲಿತನು. ಎರಡೂ ಅವನ ಮನೆಯ ಹಜಾರದಲ್ಲಿಯೇ ಬುಟ್ಟಿಯೊಳಗೆ ಇದ್ದವು. ಮನೆಯಲ್ಲಿ ಈಗ ಅದನ್ನು ಬಲ್ಲವರು ಒಬ್ಬರೇ. ಅವನ ತಾಯಿಗೆ ಆ ಕೈಯ ಹದ ಬಂದಿಲ್ಲ. ಅವಳ ಮಗಳು ಡಬ್ಬಿಯ ಹಿಟ್ಟನ್ನು ಕೊಳ್ಳುತ್ತಾಳೆ. ಡಬ್ಬಿಯ ಹಿಟ್ಟು ಕೆಟ್ಟದ್ದೆಂದು ನಾನು ಹೇಳಲಾರೆ. ಆದರೆ ಪಾತ್ರೆಯನ್ನು ಮುಟ್ಟಿ ೬೫ ಡಿಗ್ರಿಯನ್ನು ಅರಿಯುವ ಅಂಗೈಯನ್ನು ಯಾವ ಡಬ್ಬಿಯಲ್ಲಿಯೂ ಕೊಳ್ಳಲಾಗದು. ಹುಡುಗನು ಹೊರಡುವುದಕ್ಕೆ ಮುಂಚೆ ಮತ್ತೊಮ್ಮೆ ರಾಗಿಯನ್ನು ನೆನೆಯಿಟ್ಟು, ಗಂಟನ್ನು ತಾನೇ ಕಟ್ಟಿ, ಅಜ್ಜಿಯಿಂದ ಮೂರು ಸಲ ಬಿಚ್ಚಿಸಿಕೊಂಡು ಕಟ್ಟುವುದನ್ನು ಕಲಿತನೆಂದು ಅನಂತರ ಕೇಳಿ ನನಗೆ ಸಮಾಧಾನವಾಯಿತು.

ಗುತ್ತಲಿಗೆ ಹೋಗುವವರು ಅರಕೇಶ್ವರನ ದರ್ಶನವನ್ನು ತಪ್ಪದೆ ಮಾಡಲಿ. ಹೋಗಲಾರದವರು ತಮ್ಮ ಮನೆಯಲ್ಲಿ ಹಿರಿಯರು ಇರುವಾಗಲೇ ಒಂದು ಪಾವು ರಾಗಿಯನ್ನು ಅವರ ಮುಂದೆ ನೆನೆಯಿಟ್ಟು ಕಲಿತುಕೊಳ್ಳಲಿ. ಬೇಕಾದುದು ರಾಗಿ, ನೀರು, ಒಂದು ತುಂಡು ಹಳೆಯ ಬಟ್ಟೆ ಮತ್ತು ಎರಡು ದಿನಗಳ ತಾಳ್ಮೆ.